ಕಾಡಿನ ನಷ್ಟಕ್ಕೆ ಎಕರೆಯ ಲೆಕ್ಕ ಸಾಕೆ?

ಕಣಿವೆಯ ವಿಸ್ತೀರ್ಣ ಸುಮಾರು 89.5 ಚದರ ಕಿಲೋಮೀಟರ್. ಅಣೆಕಟ್ಟು ಕಟ್ಟಿದರೆ ಮುಳುಗುವುದು 8.3 ಚದರ ಕಿಲೋಮೀಟರ್. ಅಂದರೆ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮಿಕ್ಕ ಒಂಬತ್ತು ಪಾಲು ಕಾಡು ಇದ್ದಲ್ಲೇ ಇರುತ್ತದೆ. ಅದಕ್ಕೆ ಪ್ರತಿಯಾಗಿ 120 ಮೆಗಾವಾಟ್ ವಿದ್ಯುತ್ತು ಸಿಗುತ್ತದೆ, ಸುಮಾರು ಹತ್ತು ಸಾವಿರ ಹೆಕ್ಟೇರ್ ಹೊಲಗದ್ದೆಗಳಿಗೆ ನೀರು ಹರಿಯುತ್ತದೆ, ಕೆಲಸವಿಲ್ಲದ ಕೈಗಳಿಗೆ ಕೆಲಸ ದೊರೆಯುತ್ತದೆ. ಇಷ್ಟು ಲಾಭದ ಬಾಬತ್ತಿಗೆ ಯಾರಾದರೂ ಏಕೆ ಅಡ್ಡ ನಿಲ್ಲಬೇಕು?

ಕೇರಳದ ಸೈಲೆಂಟ್ ವ್ಯಾಲಿ ಯೋಜನೆಯ ಪರವಾಗಿ 1970ರ ದಶಕದಲ್ಲಿ ಮುಂದಿಡಲಾದ ಲೆಕ್ಕ ಇದು. ಕೂಡಿಸಿ ಕಳೆದು ನೋಡಿದರೆ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಪ್ರಶ್ನೆಯಲ್ಲಿ. ‘ಎಷ್ಟು ಕಾಡು ಹೋಗುತ್ತದೆ?’ ಎಂದು ಕೇಳುವುದಕ್ಕೂ ‘ಹೋಗುವ ಕಾಡು ಉಳಿದ ಕಾಡಿಗೆ ಏನಾಗಿತ್ತು?’ ಎಂದು ಕೇಳುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನು ಭಾರತಕ್ಕೆ ಮೊದಲ ಬಾರಿಗೆ ಮನದಟ್ಟು ಮಾಡಿಸಿದ್ದು ಆ ಕಣಿವೆ. ಅಭಯಾರಣ್ಯದ ಒಳಗೋ ಅಂಚಿನಲ್ಲೋ ಹೆದ್ದಾರಿ, ಗಣಿ, ವಿದ್ಯುತ್ ಮಾರ್ಗ ಇಲ್ಲವೇ ಅಣೆಕಟ್ಟಿನ ಪ್ರಸ್ತಾಪ ಬಂದಾಗಲೆಲ್ಲ ಅದೇ ಲೆಕ್ಕ ಇಂದಿಗೂ ಎದುರಾಗುತ್ತದೆ. ಆದ್ದರಿಂದ ಆ ಕಥೆಯನ್ನು ಮತ್ತೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಸೈರಂಧ್ರಿಯ ಕಾಡು

ಪಾಲಕ್ಕಾಡು ಜಿಲ್ಲೆಯ ಈ ಕಾಡಿಗೆ ಸ್ಥಳೀಯರು ಇಟ್ಟ ಹೆಸರು ಸೈರಂಧ್ರಿವನ. ವಿರಾಟನಗರಿಯಲ್ಲಿ ದ್ರೌಪದಿ ತಾಳಿದ ಹೆಸರೇ ಅದು. ಕಣಿವೆಯ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಹೊಳೆಯ ಹೆಸರು ಕುಂತಿಪುಳ. ಜೀರುಂಡೆಗಳ ಸದ್ದಿಲ್ಲದ ಕಾರಣ ಬ್ರಿಟಿಷರು ಇದನ್ನು ಸೈಲೆಂಟ್ ವ್ಯಾಲಿ, ಅಂದರೆ ಮೌನ ಕಣಿವೆ, ಎಂದು ಕರೆದರೆಂಬ ಮಾತು ಪ್ರಚಲಿತವಾಗಿದೆ.

ಕಡಿದಾದ ಬೆಟ್ಟಗಳ ನಡುವೆ ಹೊಳೆ ಇಕ್ಕಟ್ಟಾಗಿ ಧುಮುಕುವ ಸೈರಂಧ್ರಿ ಎಂಬ ಜಾಗ ಅಣೆಕಟ್ಟಿಗೆ ಹೇಳಿಮಾಡಿಸಿದಂತಿದೆ ಎಂಬುದು 1920ರ ದಶಕದ ಕೊನೆಯಲ್ಲೇ ಎಂಜಿನಿಯರುಗಳ ಕಣ್ಣಿಗೆ ಬಿದ್ದಿತ್ತು. ಸ್ವಾತಂತ್ರ್ಯಾನಂತರ ಕೇರಳ ವಿದ್ಯುತ್ ಮಂಡಳಿ ಅಲ್ಲಿ ಸುಮಾರು 130 ಮೀಟರ್ ಎತ್ತರದ ಅಣೆಕಟ್ಟಿಗೆ ಯೋಜನೆ ಸಿದ್ಧಪಡಿಸಿತು. 1973ರಲ್ಲಿ ಯೋಜನಾ ಆಯೋಗ ಒಪ್ಪಿಗೆಯನ್ನೂ ಕೊಟ್ಟಿತು. ಒಪ್ಪಿಗೆ ಕೊಡುವಾಗ ನೋಡಿದ್ದು ಖರ್ಚು, ಸಿಮೆಂಟು, ನೀರಿನ ಹರಿವು ಮತ್ತು ವಿದ್ಯುತ್ತಿನ ಪ್ರಮಾಣ. ಕಾಡಿಗೆ ಏನಾದೀತೆಂದು ನೋಡುವ ಪದ್ಧತಿಯೇ ಆಗ ಇರಲಿಲ್ಲ.

ಯೋಜನೆ ಬೇಕೆಂದವರೆಲ್ಲ ಕಾಡಿನ ಶತ್ರುಗಳೇನೂ ಆಗಿರಲಿಲ್ಲ. ಕೇರಳದ ಉತ್ತರ ಭಾಗವಾದ ಮಲಬಾರ್ ಕೈಗಾರಿಕೆಯಲ್ಲೂ ವಿದ್ಯುತ್ತಿನಲ್ಲೂ ಹಿಂದುಳಿದಿತ್ತು. ತಮ್ಮ ಊರಿಗೆ ದೀಪ ಬೇಕು, ಗದ್ದೆಗೆ ನೀರು ಬೇಕು ಎಂದು ಅಲ್ಲಿನ ಜನ ಕೇಳುವುದರಲ್ಲಿ ಅನ್ಯಾಯವಿರಲಿಲ್ಲ. ಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕುಳಿತವರು ಮಂಗಗಳಿಗಾಗಿ ಮರುಗುತ್ತಾರೆ, ಮನುಷ್ಯರಿಗಾಗಿ ಅಲ್ಲ ಎಂಬ ಟೀಕೆ ಹುಟ್ಟಿದ್ದೂ ಇದೇ ಕಾರಣಕ್ಕೆ. ಈ ಟೀಕೆಗೆ ಉತ್ತರ ಕೊಡದೆ ಕಾಡನ್ನು ಉಳಿಸುವುದು ಸಾಧ್ಯವಿರಲಿಲ್ಲ.

ಷರತ್ತುಗಳೇ ಪರವಾನಗಿಯಾದವು

ಪರಿಸರ ಯೋಜನೆಯ ರಾಷ್ಟ್ರೀಯ ಸಮಿತಿಯೊಂದು ಆಗ ದೆಹಲಿಯಲ್ಲಿತ್ತು. ಪಶ್ಚಿಮ ಘಟ್ಟದ ಯೋಜನೆಗಳನ್ನು ಪರಿಶೀಲಿಸಲು ಅದು 1976ರಲ್ಲಿ ಜಾಫರ್ ಫತೇಹಲ್ಲಿ ಅವರ ನೇತೃತ್ವದಲ್ಲಿ ಒಂದು ತಂಡವನ್ನು ನೇಮಿಸಿತು. ತಂಡದ ಸಲಹೆ ಸ್ಪಷ್ಟವಾಗಿತ್ತು. ಯೋಜನೆಯನ್ನು ಕೈಬಿಡುವುದೇ ಒಳ್ಳೆಯದು, ಕಣಿವೆಯನ್ನು ರಕ್ಷಿತ ಪ್ರದೇಶವಾಗಿ ಉಳಿಸಬೇಕು ಎಂದು ಅದು ಹೇಳಿತು. ಅದರ ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿತು: ಒಂದು ವೇಳೆ ಕಟ್ಟಲೇಬೇಕೆಂದಾದರೆ 17 ಮುನ್ನೆಚ್ಚರಿಕೆ ಕ್ರಮಗಳನ್ನು ಪಾಲಿಸಬೇಕು.

ಈ ‘ಒಂದು ವೇಳೆ’ ಎಂಬ ಸಣ್ಣ ಕಿಂಡಿಯಲ್ಲೇ ಇಡೀ ಅಣೆಕಟ್ಟು ತೂರಿಕೊಂಡು ಬಂತು. ಕೈಬಿಡಿ ಎಂಬ ಮುಖ್ಯ ಸಲಹೆ ಹಿಂದೆ ಸರಿಯಿತು. ಹದಿನೇಳು ಷರತ್ತುಗಳಿಗೆ ಒಪ್ಪುತ್ತೇವೆಂದು ಹೇಳಿ ರಾಜ್ಯ ಸರ್ಕಾರ ಮುಂದಡಿ ಇಟ್ಟಿತು. ಕಣಿವೆಯ ಪರಿಸರ ಸಮತೋಲ ಕಾಪಾಡುವ ಕಾಯ್ದೆಯೊಂದನ್ನು 1979ರಲ್ಲಿ ಜಾರಿಗೂ ತಂದಿತು. ಹಾನಿಯಾಗುತ್ತದೆಂದು ಎಚ್ಚರಿಸಲು ಬರೆದ ವರದಿಯೇ ಹಾನಿಗೆ ಪರವಾನಗಿಯಾಯಿತು. ಅಂದಿನಿಂದ ಇಂದಿನವರೆಗೆ ಎಷ್ಟೋ ಪರಿಸರ ವರದಿಗಳಿಗೆ ಒದಗಿರುವ ಗತಿ ಇದೇ. ಹಾನಿಯನ್ನು ತಡೆಯುವ ಷರತ್ತು ಬೇರೆ, ಹಾನಿಯನ್ನು ಸಹ್ಯವೆನಿಸುವ ಷರತ್ತು ಬೇರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಓದುವವರಿಗೆ ತಿಳಿಯುವುದಿಲ್ಲ.

ಸಿಂಗಳೀಕ ಕಲಿಸಿದ ಗಣಿತ

ಹತ್ತನೇ ಒಂದಂಶವೂ ಅಲ್ಲದ ಮುಳುಗಡೆ ಅಷ್ಟೇಕೆ ಹಾನಿಕರ? ಉತ್ತರ ತಿಳಿಯಲು ಒಂದು ಪ್ರಾಣಿಯ ದಿನಚರಿಯನ್ನು ನೋಡಬೇಕು.

ಸಿಂಗಳೀಕ ಕಪ್ಪು ಮೈಯ, ಮುಖದ ಸುತ್ತ ಬೂದು ಕೇಸರದ, ಬಾಲದ ತುದಿಗೆ ಸಿಂಹದಂತೆ ಕುಚ್ಚು ಇರುವ ಕೋತಿ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ಕಾಡುಪ್ರಾಣಿಯಾಗಿ ಬದುಕಿಲ್ಲ. ಎಲ್ಲ ಸೇರಿದರೂ ಅದರ ಸಂಖ್ಯೆ ಕೆಲವೇ ಸಾವಿರ. ಊರ ಕೋತಿಯಂತೆ ಅದು ನೆಲಕ್ಕಿಳಿದು ಅಂಗಡಿ ಮುಂದೆ ಕೂರುವುದಿಲ್ಲ. ಹೆಚ್ಚಿನ ಹೊತ್ತು ಅದರ ಬಾಳೆಲ್ಲ ಮರದ ಮೇಲೆ. ಕೊಂಬೆಯಿಂದ ಕೊಂಬೆಗೆ ಹಾದಿ ಇದ್ದರೆ ಅದಕ್ಕೆ ಜಗತ್ತು ಇದೆ, ಹಾದಿ ತುಂಡಾದರೆ ಜಗತ್ತೂ ತುಂಡಾಗುತ್ತದೆ. ಒಂದೊಂದು ಗುಂಪಿಗೂ ಅಲೆದಾಡಲು ನೂರಾರು ಹೆಕ್ಟೇರ್ ನಿತ್ಯಹರಿದ್ವರ್ಣ ಕಾಡು ಬೇಕು. ಏಕೆಂದರೆ ಒಂದು ಮರ ಹಣ್ಣು ಬಿಡುವ ತಿಂಗಳಲ್ಲಿ ಇನ್ನೊಂದು ಬರಿದಾಗಿರುತ್ತದೆ. ಹೆಣ್ಣು ಸಿಂಗಳೀಕ ಮರಿ ಹಾಕುವುದೂ ನಿಧಾನ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ವರ್ಷಗಳೇ ಕಳೆಯುತ್ತವೆ. ಒಮ್ಮೆ ಸಂಖ್ಯೆ ಕುಸಿದರೆ ಮತ್ತೆ ಚೇತರಿಸಿಕೊಳ್ಳಲು ತಲೆಮಾರುಗಳು ಬೇಕು.

ಈಗ ಅಣೆಕಟ್ಟಿನ ನಕ್ಷೆಯನ್ನು ಇದರ ಮೇಲಿಟ್ಟು ನೋಡಿ. ಮುಳುಗುವ 8.3 ಚದರ ಕಿಲೋಮೀಟರ್ ಎಂದರೆ ಎಲ್ಲೋ ಒಂದು ಮೂಲೆಯ ತುಂಡು ಭೂಮಿಯಲ್ಲ. ಅದು ಹೊಳೆಯ ಎರಡೂ ದಂಡೆಯ ತಗ್ಗು ಕಾಡು, ಕಣಿವೆಯ ಬೆನ್ನುಮೂಳೆ. ಅದು ಮುಳುಗಿದರೆ ಎಡದಂಡೆಯ ಕಾಡಿಗೂ ಬಲದಂಡೆಯ ಕಾಡಿಗೂ ನಡುವೆ ನೀರಿನ ಗೋಡೆ ಏಳುತ್ತದೆ. ಅದಲ್ಲದೆ ಸಿಮೆಂಟು ಸಾಗಿಸುವ ರಸ್ತೆ, ಕಲ್ಲಿನ ಕ್ವಾರಿ, ತಂತಿ ಎಳೆಯಲು ಕಡಿಯುವ ಪಟ್ಟಿ, ವರ್ಷಗಟ್ಟಲೆ ಬೀಡುಬಿಡುವ ಕಾರ್ಮಿಕರ ಕಾಲೊನಿ, ಅವರ ಒಲೆಗೆ ಸೌದೆ. ಇವು ಯಾವುವೂ ‘ಮುಳುಗಡೆ’ ಎಂಬ ಅಂಕಣದಲ್ಲಿ ಬರುವುದಿಲ್ಲ. ರಸ್ತೆ ಬಂದ ಮೇಲೆ ಅದರ ಹಿಂದೆಯೇ ಬರುವ ಕಳ್ಳಬೇಟೆ, ಮರಗಳ್ಳತನ, ಒತ್ತುವರಿಗಳು ಯಾವ ಅಂಕಣದಲ್ಲೂ ಬರುವುದಿಲ್ಲ.

ಮನುಷ್ಯನ ಮೈಯಲ್ಲಿ ಹೃದಯದ ತೂಕ ಎಷ್ಟು? ಕಾಲು ಕೆಜಿಯ ಆಸುಪಾಸು. ತೂಕ ಕಡಿಮೆ ಎಂದು ಅದನ್ನು ತೆಗೆಯಬಹುದೆಂದು ಯಾವ ವೈದ್ಯನೂ ಹೇಳುವುದಿಲ್ಲ. ಕಾಡಿನ ಯಾವ ಭಾಗ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ಅರಿಯುವ ಪ್ರಯತ್ನವೇ ಪರಿಸರ ಪರಿಣಾಮದ ಅಧ್ಯಯನ. ಎಕರೆ ಲೆಕ್ಕ ಅದರ ಮೊದಲ ಪುಟ ಮಾತ್ರ.

ಪರ್ಯಾಯವಿದೆಯೇ ಎಂಬ ಪ್ರಶ್ನೆ

ವಿದ್ಯುತ್ತು ಬೇಡವೇ ಎಂಬ ಟೀಕೆಗೆ ಉತ್ತರ ಬಂದದ್ದು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನಿಂದ. ಜನರಿಗೆ ಅವರ ಭಾಷೆಯಲ್ಲೇ ವಿಜ್ಞಾನ ತಿಳಿಸಲು ಹುಟ್ಟಿದ ಸಂಸ್ಥೆ ಅದು. ಸಸ್ಯವಿಜ್ಞಾನಿ ಎಂ. ಕೆ. ಪ್ರಸಾದ್, ಪರಮಾಣು ಎಂಜಿನಿಯರ್ ಎಂ. ಪಿ. ಪರಮೇಶ್ವರನ್, ವಿದ್ಯುತ್ ಎಂಜಿನಿಯರ್ ವಿ. ಕೆ. ದಾಮೋದರನ್, ಕೃಷಿ ವಿಜ್ಞಾನಿ ಕೆ. ಎನ್. ಶ್ಯಾಮಸುಂದರನ್ ನಾಯರ್, ಅರ್ಥಶಾಸ್ತ್ರಜ್ಞ ಕೆ. ಪಿ. ಕಣ್ಣನ್ ಸೇರಿ 1979ರಲ್ಲಿ ಯೋಜನೆಯ ಮೌಲ್ಯಮಾಪನವನ್ನು ಪ್ರಕಟಿಸಿದರು. ಐವರಲ್ಲಿ ಕಾಡಿನ ತಜ್ಞರು ಒಬ್ಬರೇ ಎಂಬುದನ್ನು ಗಮನಿಸಬೇಕು.

ಕಾಡು ಚೆಂದ, ಆದ್ದರಿಂದ ಅಣೆಕಟ್ಟು ಬೇಡ ಎಂದಷ್ಟೇ ಅವರು ಹೇಳಿ ಸುಮ್ಮನಾಗಲಿಲ್ಲ. ಮಲಬಾರಿನ ಕೊರತೆಗೆ ಈ ಅಣೆಕಟ್ಟೇ ಮದ್ದೇ, ರಾಜ್ಯದಲ್ಲಿ ಉತ್ಪಾದನೆಯಾಗುವ ವಿದ್ಯುತ್ತನ್ನು ಅಲ್ಲಿಗೆ ಸಾಗಿಸುವ ತಂತಿ ಮಾರ್ಗ ಸುಧಾರಿಸಿದರೆ ಸಾಲದೇ, ಉಷ್ಣ ವಿದ್ಯುತ್ ಸ್ಥಾವರ ಆಗದೇ, ನೀರಾವರಿಗೆ ಬೇರೆ ದಾರಿ ಇಲ್ಲವೇ ಎಂದು ಒಂದೊಂದನ್ನೂ ಲೆಕ್ಕ ಹಾಕಿ ತೋರಿಸಿದರು. ಮಲಬಾರಿನ ಬೇಡಿಕೆ ನ್ಯಾಯವೇ ಹೌದು, ಅದನ್ನು ಈಡೇರಿಸಲು ಈ ಕಣಿವೆ ಅನಿವಾರ್ಯವಲ್ಲ ಎಂಬುದು ಅವರ ತೀರ್ಮಾನ. ಅಲ್ಲಿಗೆ ‘ಮಂಗವೋ ಮನುಷ್ಯನೋ’ ಎಂಬ ಜಗಳ ‘ಈ ದಾರಿಯೋ ಆ ದಾರಿಯೋ’ ಎಂಬ ಚರ್ಚೆಯಾಗಿ ಮಾರ್ಪಟ್ಟಿತು.

ಆದರೂ ಗೆಲುವು ಸುಲಭವಾಗಿರಲಿಲ್ಲ. ಯೋಜನೆಯ ವಿರುದ್ಧದ ಅರ್ಜಿಯನ್ನು ಕೇರಳ ಹೈಕೋರ್ಟು 1980ರ ಆರಂಭದಲ್ಲಿ ವಜಾ ಮಾಡಿತು. ಸರ್ಕಾರ ಈ ಸಂಗತಿಗಳನ್ನೆಲ್ಲ ಪರಿಗಣಿಸಿಯೇ ತೀರ್ಮಾನಿಸಿದೆ, ಅದನ್ನು ಮರುತೂಕ ಮಾಡುವುದು ನ್ಯಾಯಾಲಯದ ಕೆಲಸವಲ್ಲ ಎಂಬುದು ಅದರ ನಿಲುವು. ಇನ್ನೊಂದೆಡೆ ಎಂ. ಎಸ್. ಸ್ವಾಮಿನಾಥನ್ ಅವರು ಸೈಲೆಂಟ್ ವ್ಯಾಲಿಯ ಜೊತೆಗೆ ಅಕ್ಕಪಕ್ಕದ ಕಾಡುಗಳನ್ನೂ ಸೇರಿಸಿ ಸುಮಾರು 389.5 ಚದರ ಕಿಲೋಮೀಟರಿನ ಮಳೆಕಾಡಿನ ಸಂರಕ್ಷಿತ ವಲಯ ಆಗಬೇಕೆಂದು ಸಲಹೆ ಮಾಡಿದ್ದರು. ಕವಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು ಊರೂರು ಸುತ್ತಿದರು. 1983ರಲ್ಲಿ ಎಂ. ಜಿ. ಕೆ. ಮೆನನ್ ಅಧ್ಯಕ್ಷತೆಯ ಸಮಿತಿ ವಿಷಯವನ್ನು ಮತ್ತೊಮ್ಮೆ ಪರಿಶೀಲಿಸಿದ ಮೇಲೆ ಆ ವರ್ಷದ ಕೊನೆಗೆ ಇಂದಿರಾ ಗಾಂಧಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 1984ರ ನವೆಂಬರ್‌ನಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಕಾನೂನು ಬಂತು, ಕಿಂಡಿಗಳೂ ಬಂದವು

ಹೀಗೆ ಪ್ರತಿಯೊಂದು ಕಣಿವೆಗೂ ಹತ್ತು ವರ್ಷ ಹೋರಾಡುವುದು ಆಗದ ಮಾತು. ಪರಿಶೀಲನೆ ಕಾನೂನಿನ ಭಾಗವೇ ಆಗಬೇಕಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕಾಡನ್ನು ಬೇರೆ ಕೆಲಸಕ್ಕೆ ಕೊಡುವಾಗ ಕೇಂದ್ರದ ಒಪ್ಪಿಗೆ ಬೇಕೆಂದಿತು. 1994ರ ಜನವರಿಯಲ್ಲಿ ಹೊರಬಿದ್ದ ಅಧಿಸೂಚನೆ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿತು. 2006ರಲ್ಲಿ ಹೊಸ ಅಧಿಸೂಚನೆ ಅದರ ಜಾಗಕ್ಕೆ ಬಂತು.

ಈ ಏರ್ಪಾಡಿನ ಕ್ರಮ ಹೀಗಿದೆ. ಯಾವ ಯಾವ ಸಂಗತಿಗಳನ್ನು ಅಧ್ಯಯನ ಮಾಡಬೇಕೆಂದು ತಜ್ಞರ ಸಮಿತಿ ಮೊದಲೇ ಗೊತ್ತುಪಡಿಸುತ್ತದೆ. ಬಳಿಕ ಜಾಗದ ಇಂದಿನ ಸ್ಥಿತಿಯ ದಾಖಲೆಯಾಗಬೇಕು: ಮಣ್ಣು, ನೀರು, ಗಿಡಮರ, ಪ್ರಾಣಿ, ಜನಜೀವನ. ಯೋಜನೆಯಿಂದ ಏನು ಬದಲಾಗುತ್ತದೆ, ಅದನ್ನು ತಗ್ಗಿಸುವುದು ಹೇಗೆ ಎಂಬುದು ಮುಂದಿನ ಭಾಗ. ಕರಡು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಜನರಿಗೆ ಸಿಗಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಯೋಜನಾ ಸ್ಥಳದಲ್ಲಿ ಅಥವಾ ಅದರ ಸಮೀಪ ಅಹವಾಲು ಸಭೆ ನಡೆಸಬೇಕು. ಜಾಗ ಅಭಯಾರಣ್ಯವಾಗಿದ್ದರೆ ಇದಲ್ಲದೆ ವನ್ಯಜೀವಿ ಮಂಡಳಿಯ ಪರಿಶೀಲನೆಯೂ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಂ ಇನ್ನೂ ಬಿಗಿ. ಅಭಯಾರಣ್ಯದಲ್ಲಿ ಪ್ರಾಣಿಗಳ ನೆಲೆಯನ್ನು ಕೆಡಿಸಲು, ನೀರಿನ ಹರಿವನ್ನು ತಿರುಗಿಸಲು ಅನುಮತಿ ಕೊಡಬೇಕಾದರೆ ಅದು ಅಲ್ಲಿನ ವನ್ಯಜೀವಿಗಳ ಒಳಿತಿಗೇ ಅಗತ್ಯ ಎಂದು ಸರ್ಕಾರಕ್ಕೆ ಮನವರಿಕೆಯಾಗಬೇಕು ಎನ್ನುತ್ತದೆ ಆ ಕಲಂ.

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಅಧ್ಯಯನ ಮಾಡುವ ಸಂಸ್ಥೆಯನ್ನು ಆರಿಸುವವರು, ಅದಕ್ಕೆ ಹಣ ಕೊಡುವವರು ಯೋಜನೆಯ ಮಾಲೀಕರೇ. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕನಿಗೆ ಸಂಬಳ ಕೊಟ್ಟಂತೆ. ಅನೇಕ ಬಗೆಯ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕಾಗುತ್ತದೆ. ಪಶ್ಚಿಮ ಘಟ್ಟದ ಬಹುಪಾಲು ಕಪ್ಪೆಗಳು ಕೂಗುವುದು, ಮೊಟ್ಟೆ ಇಡುವುದು ಮಳೆ ಬಿದ್ದ ಮೇಲೆ. ಮಾರ್ಚ್ ತಿಂಗಳಲ್ಲಿ ಹೋಗಿ ಹುಡುಕಿದರೆ ಕಪ್ಪೆ ಎಲ್ಲಿ ಸಿಕ್ಕೀತು? ಇನ್ನು ಒಂದು ಯೋಜನೆಯನ್ನು ಅದೊಂದೇ ಜಗತ್ತಿನಲ್ಲಿದೆ ಎಂಬಂತೆ ತೂಗುವುದು ಮತ್ತೊಂದು ದೋಷ. ಮೊದಲು ರಸ್ತೆ, ಆಮೇಲೆ ತಂತಿ, ಆಮೇಲೆ ಕಾಲುವೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಅಲ್ಪ, ಒಟ್ಟುಗೂಡಿದರೆ ಕಾಡು ಚೂರುಚೂರು.

ಗಡಿಯ ಪ್ರಶ್ನೆಯೂ ಇದೆ. ಸೈಲೆಂಟ್ ವ್ಯಾಲಿ ಉದ್ಯಾನವಾದ ಮೇಲೆ, 2000ದ ದಶಕದ ಆರಂಭದಲ್ಲಿ, ಅದರ ಗಡಿಯಿಂದ ಸ್ವಲ್ಪವೇ ಕೆಳಗೆ ಪಾತ್ರಕಡವು ಎಂಬಲ್ಲಿ ಅದೇ ಹೊಳೆಗೆ ಅಣೆಕಟ್ಟಿನ ಪ್ರಸ್ತಾಪ ಎದ್ದಿತು. ಉದ್ಯಾನದ ಒಳಗೆ ಒಂದು ಮರವನ್ನೂ ಮುಟ್ಟುವುದಿಲ್ಲವಲ್ಲ ಎಂಬುದು ವಾದ. ಹೊಳೆಗೂ ಪ್ರಾಣಿಗೂ ಸರ್ವೆ ಕಲ್ಲು ಓದಲು ಬರುವುದಿಲ್ಲ ಎಂಬುದು ಪ್ರತಿವಾದ. ಕೊನೆಗೆ 2007ರಲ್ಲಿ ಕೇರಳ ಸರ್ಕಾರ ಉದ್ಯಾನದ ಸುತ್ತ ಸುಮಾರು 148 ಚದರ ಕಿಲೋಮೀಟರ್ ಕಾಡನ್ನು ರಕ್ಷಾವಲಯವಾಗಿ ಸೇರಿಸಿತು.

ಸಂಶಯದ ಲಾಭ ಯಾರಿಗೆ?

ಈ ಎಲ್ಲ ದೋಷಗಳ ಬುಡದಲ್ಲಿ ಒಂದೇ ಪ್ರಶ್ನೆ ಇದೆ. ಸಾಬೀತು ಮಾಡುವ ಹೊಣೆ ಯಾರದು? ಹಾನಿಯಾಗುತ್ತದೆಂದು ಕಾಡಿನ ಪರವಾದವರು ಸಾಬೀತು ಮಾಡಬೇಕೋ, ಹಾನಿಯಾಗುವುದಿಲ್ಲವೆಂದು ಯೋಜನೆಯವರು ತೋರಿಸಬೇಕೋ?

ಯೂರೋಪಿನಲ್ಲಿ ಈ ಪ್ರಶ್ನೆ ಒಂದು ಬಡಪಾಯಿ ಚಿಪ್ಪುಜೀವಿಯ ದೆಸೆಯಿಂದ ನ್ಯಾಯಾಲಯ ಮುಟ್ಟಿತು. ಅಲ್ಲಿನ ದೇಶಗಳು 1992ರಲ್ಲಿ ಕಾಡುಜೀವಿಗಳ ನೆಲೆಗಳನ್ನು ಕಾಪಾಡಲು ಒಂದು ಸಮಾನ ಕಾನೂನು ಮಾಡಿಕೊಂಡಿದ್ದವು. ನೆದರ್ಲೆಂಡ್ಸಿನ ವಾಡನ್ ಕಡಲತಡಿ ಅದರ ಕೆಳಗೆ ಬರುವ ರಕ್ಷಿತ ಜಾಗ. ಅಲ್ಲಿನ ಕೆಸರಿನಲ್ಲಿ, ಕರಾವಳಿಯವರ ಬೆಳಚನ್ನು ಹೋಲುವ ಚಿಪ್ಪುಜೀವಿಗಳಿವೆ. ಲಕ್ಷಾಂತರ ಹಕ್ಕಿಗಳಿಗೆ ಆಸರೆಯಾದ ಆ ತಡಿಯಲ್ಲಿ ಹಲವು ಹಕ್ಕಿಗಳಿಗೆ ಅವೇ ಆಹಾರ. ಯಂತ್ರಗಳಿಂದ ಅವನ್ನು ಬಾಚಿ ತೆಗೆಯಲು ಸರ್ಕಾರ ವರ್ಷವರ್ಷವೂ ಪರವಾನಗಿ ಕೊಡುತ್ತಿತ್ತು. ಪಕ್ಷಿ ಸಂರಕ್ಷಕರು ಇದನ್ನು ಪ್ರಶ್ನಿಸಿದರು. 2004ರ ಸೆಪ್ಟೆಂಬರ್‌ನಲ್ಲಿ ಯೂರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು: ರಕ್ಷಿತ ಜಾಗಕ್ಕೆ ಹಾನಿಯಾಗುವುದಿಲ್ಲ ಎಂಬ ಬಗ್ಗೆ ವೈಜ್ಞಾನಿಕವಾಗಿ ಸಕಾರಣ ಸಂಶಯ ಏನೂ ಉಳಿಯದಿದ್ದರೆ ಮಾತ್ರ ಅನುಮತಿ ಕೊಡಬಹುದು. ಅಂದರೆ ಸಂಶಯದ ಲಾಭ ಹಕ್ಕಿಗೆ, ಯಂತ್ರಕ್ಕಲ್ಲ. ಮರುವರ್ಷವೇ ಅಲ್ಲಿ ಯಂತ್ರದ ಬಾಚುವಿಕೆ ನಿಂತಿತು. ಅನಿವಾರ್ಯ ಸಾರ್ವಜನಿಕ ಹಿತಕ್ಕಾಗಿ ಹಾನಿಯನ್ನು ಒಪ್ಪಲು ಆ ಕಾನೂನಿನಲ್ಲೂ ಅವಕಾಶವಿದೆ. ಆದರೆ ಬೇರೆ ದಾರಿ ಇಲ್ಲವೆಂದು ಮೊದಲು ತೋರಿಸಬೇಕು, ಆದ ನಷ್ಟಕ್ಕೆ ಸಮನಾದ ನೆಲೆಯನ್ನು ಬೇರೆಡೆ ಒದಗಿಸಬೇಕು.

ಶರಾವತಿಯ ದಂಡೆಯಲ್ಲಿ

ಕರ್ನಾಟಕದಲ್ಲಿ ಇದು ದೂರದ ಮಾತಲ್ಲ. ಸೈಲೆಂಟ್ ವ್ಯಾಲಿಯ ಅದೇ ಸಿಂಗಳೀಕದ ನೆಲೆಯ ಉತ್ತರದ ಅಂಚು ಇರುವುದು ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ. ಅದಕ್ಕಾಗಿಯೇ 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಸುಮಾರು 930 ಚದರ ಕಿಲೋಮೀಟರಿಗೆ ವಿಸ್ತರಿಸಿ ಅದಕ್ಕೆ ಸಿಂಗಳೀಕದ ಹೆಸರನ್ನೇ ಇಡಲಾಯಿತು. ಅದೇ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರಾಜ್ಯದ ವಿದ್ಯುತ್ ನಿಗಮ ಮುಂದಿಟ್ಟಿದೆ. ಬಿಸಿಲಿನ ವಿದ್ಯುತ್ತು ಹೆಚ್ಚಿರುವಾಗ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿಟ್ಟು, ಬೇಡಿಕೆ ಹೆಚ್ಚಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಇದರ ತತ್ವ.

ಎರಡೂ ಜಲಾಶಯಗಳು ಈಗಾಗಲೇ ಇವೆ, ಹೊಸ ಮುಳುಗಡೆಯಿಲ್ಲ, ಬಹುಪಾಲು ಕಾಮಗಾರಿ ಭೂಮಿಯೊಳಗೆ, ಬೇಕಾಗುವ ಅರಣ್ಯ ಸುಮಾರು 54 ಹೆಕ್ಟೇರ್ ಮಾತ್ರ ಎಂಬುದು ಯೋಜನೆಯ ಪರವಾದ ವಾದ. ಸೌರಶಕ್ತಿಯನ್ನು ಕೂಡಿಡುವ ಅಗತ್ಯ ನಿಜವಾದದ್ದೇ. ಆದರೆ 930 ಚದರ ಕಿಲೋಮೀಟರಿನ ಮುಂದೆ 54 ಹೆಕ್ಟೇರನ್ನು ಇಟ್ಟು ‘ಸಾವಿರದಲ್ಲಿ ಒಂದು ಪಾಲೂ ಅಲ್ಲ’ ಎಂದರೆ ಮತ್ತೆ ಅದೇ ಎಕರೆಯ ಗಣಿತಕ್ಕೆ ಮರಳಿದಂತೆ. ಆ ಮರಗಳ ಸಾಲು ಯಾವ ಗುಂಪನ್ನು ಯಾವ ಗುಂಪಿಗೆ ಜೋಡಿಸುತ್ತಿದೆ? ಸುರಂಗದ ಮಣ್ಣು ಎಲ್ಲಿಗೆ ಹೋಗುತ್ತದೆ? ತಂತಿಯ ಮಾರ್ಗ ಯಾವ ನೆತ್ತಿಯನ್ನು ಸೀಳುತ್ತದೆ? ಲಿಂಗನಮಕ್ಕಿಯಿಂದ ಗೇರುಸೊಪ್ಪದವರೆಗೆ ಈ ನದಿ ಈಗಾಗಲೇ ಹೊತ್ತಿರುವ ಭಾರದ ಮೇಲೆ ಇದನ್ನೂ ಕೂಡಿಸಿ ಲೆಕ್ಕ ಹಾಕಲಾಗಿದೆಯೇ? ಕೂಡಿಡುವ ಕೆಲಸಕ್ಕೆ ಅಭಯಾರಣ್ಯದ ಹೊರಗೆ ಜಾಗವಿಲ್ಲವೇ?

ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರ ಜೂನ್‌ನಲ್ಲಿ ಯೋಜನೆಗೆ ತಾತ್ವಿಕ ಒಪ್ಪಿಗೆ ನೀಡಿತು. ಸಾಗರ, ಹೊನ್ನಾವರ ತಾಲ್ಲೂಕುಗಳಲ್ಲಿ ಅಹವಾಲು ಸಭೆ ನಡೆದದ್ದು ಆ ಸೆಪ್ಟೆಂಬರ್‌ನಲ್ಲಿ. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ ದಾರಿಯ ಪ್ರಕ್ರಿಯೆಗಳು ನಿಜ. ಆದರೆ ಒಪ್ಪಿಗೆ ಮುಂಚೆ, ಜನರ ಮಾತು ಆಮೇಲೆ ಎಂಬ ಕ್ರಮ ಕಂಡಾಗ ಊರಿನವರಿಗೆ ತಮ್ಮ ಮಾತಿನ ಬೆಲೆಯ ಬಗ್ಗೆ ಸಂಶಯ ಹುಟ್ಟದೆ ಇರುವುದಿಲ್ಲ.

ಅಹವಾಲು ಸಭೆ ಎಂಬುದು ಜೈಕಾರ, ಧಿಕ್ಕಾರಗಳ ವೇದಿಕೆ ಮಾತ್ರವಲ್ಲ. ಅಲ್ಲಿ ಆಡಿದ ಮಾತು ದಾಖಲಾಗಬೇಕು, ಎತ್ತಿದ ಆಕ್ಷೇಪಕ್ಕೆ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. ಹೊಳೆ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಮರಕ್ಕೆ ಸಿಂಗಳೀಕ ಬರುತ್ತದೆ, ಯಾವ ಗುಡ್ಡ ಮಳೆಗಾಲದಲ್ಲಿ ಜಾರುತ್ತದೆ ಎಂಬುದು ಒಂದು ಋತುವಿನ ಅತಿಥಿಯಾಗಿ ಬಂದ ತಜ್ಞನಿಗಿಂತ ಅಲ್ಲಿ ಬಾಳುವವರಿಗೆ ಚೆನ್ನಾಗಿ ಗೊತ್ತು. ಅವರು ಅದನ್ನು ಹೇಳಬೇಕಾದರೆ ವರದಿಯನ್ನು ಓದಿರಬೇಕು, ಓದಬೇಕಾದರೆ ಅದು ಬರೀ ಸಾರಾಂಶವಾಗಿ ಅಲ್ಲ, ಪೂರ್ತಿಯಾಗಿ ಕನ್ನಡದಲ್ಲಿ ಕೈಗೆ ಸಿಗಬೇಕು.

ಅಣೆಕಟ್ಟು ತಪ್ಪಾಯಿತೆಂದು ಅನ್ನಿಸಿದರೆ ಮುಂದೊಂದು ದಿನ ಅದನ್ನು ಒಡೆಯಬಹುದು. ವಿದ್ಯುತ್ತಿಗೆ ಬೇರೊಂದು ದಾರಿ ಹುಡುಕಬಹುದು. ಆದರೆ ತುಂಡಾದ ಕಾಡಿನಲ್ಲಿ ಕೊನೆಯ ಗುಂಪು ಅಳಿದರೆ ಅದನ್ನು ಮರಳಿ ತರುವ ಎಂಜಿನಿಯರು ಇನ್ನೂ ಹುಟ್ಟಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬದಲು, ಬಾಗಿಲ ಬಳಿಯಲ್ಲೇ ನಿಂತು ಸರಿಯಾದ ಪ್ರಶ್ನೆ ಕೇಳುವುದಕ್ಕಾಗಿಯೇ ಇರುವುದು ಈ ಪರಿಶೀಲನೆ.